ಕಪ್ಪೆ ಇದೆ ಅಂದ್ರೆ ಜಾಗ ಹೋಗ್ತದೆ ಅಂತ ಹೆದರಿಸುವವರಿಗೆ

ಆರಿದ್ರಾ ಮಳೆ ಜೋರಿದೆ, ನಟ್ಟಿ ಕೆಲಸ ಎರಡು ದಿನ ನಿಂತಿದೆ. ಹಾಗಾಗಿ ಈ ಸಲದ ಬರಹ ಸ್ವಲ್ಪ ಉದ್ದ. ಪುರುಸೊತ್ತಿದ್ದಾಗ ಓದಿ, ಅರ್ಧ ಓದಿ ಬೈಬೇಡಿ.

ಮೊನ್ನೆ ನಮ್ಮ ಸೊಪ್ಪಿನ ಬೆಟ್ಟದಲ್ಲಿ ರಾತ್ರಿ ಕೂಗುವ ಪೊದೆಗಪ್ಪೆಯ ದನಿ ಹಾಕಿದ್ದೆ. ಕೆಳಗೆ ಬಂದ ಮಾತುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಥರ. "ಅದನ್ನು ತೆಗಿ ಮಾರಾಯ, ಅಪರೂಪದ ಕಪ್ಪೆ ಇದೆ ಅಂತ ಗೊತ್ತಾದ್ರೆ ಫಾರೆಸ್ಟಿನವರು ಬೆಟ್ಟಕ್ಕೆ ಕಾಲಿಡ್ಲಿಕ್ಕೆ ಬಿಡೂದಿಲ್ಲ." ಹೀಗೆ ಹೇಳಿದವರು ಹುಡುಗರಲ್ಲ, ನನ್ನ ವಯಸ್ಸಿನವರು, ತೋಟ ಮಾಡಿ ಬದುಕಿದವರು. ಅವರ ಹೆದರಿಕೆ ಸುಳ್ಳಲ್ಲ. ಆದರೆ ಹೆದರಿಕೆ ಇಟ್ಟುಕೊಂಡ ಜಾಗ ತಪ್ಪು. ಅದನ್ನೇ ಇವತ್ತು ಹೇಳ್ತೇನೆ. ನಾನು ದನಿಯನ್ನು ತೆಗೆಯೂದಿಲ್ಲ.

ಮೊದಲು ಕಪ್ಪೆ ಯಾವುದು ಅಂತ ನೋಡುವಾ. ನಾವೆಲ್ಲ ಮರಗಪ್ಪೆ ಅಂತ ಒಂದೇ ಹೆಸರಲ್ಲಿ ಕರೆದು ಮುಗಿಸ್ತೇವೆ. ಅದರಲ್ಲಿ ಎರಡು ಪಂಗಡ ಇದೆ, ಎರಡರ ಸಂಸಾರವೂ ಬೇರೆ ಬೇರೆ.

ಒಂದು ದೊಡ್ಡದು, ಹಸಿರು ಬೆನ್ನಿನದು, ಬೆರಳ ನಡುವೆ ಕೆಂಪು ಕಿತ್ತಳೆ ಬಣ್ಣದ ಪೊರೆ ಇರೋದು. ಮಲಬಾರ್ ಹಾರುಗಪ್ಪೆ ಅಂತ ಹೆಸರು. ಹಕ್ಕಿಯ ಹಾಗೆ ಹಾರೂದಿಲ್ಲ, ಮೇಲಿಂದ ಪೊರೆ ಬಿಡಿಸಿಕೊಂಡು ಮೂವತ್ತು ಅಡಿವರೆಗೂ ತೇಲಿ ಇಳೀತದೆ. ಮಳೆ ಹಿಡಿದ ಮೇಲೆ ಕೆರೆಯದೋ ಬಾವಿಯದೋ ಮೇಲೆ ಬಾಗಿದ ಕೊಂಬೆಯಲ್ಲಿ ಬಿಳಿ ನೊರೆಯ ಮುದ್ದೆ ಕಾಣ್ತದಲ್ಲ, ಅದು ಇದರ ಗೂಡು. ಹೆಣ್ಣು ಬಿಡುವ ಅಂಟು ದ್ರವವನ್ನು ಹಿಂಗಾಲಿನಿಂದ ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಮಾಡಿ ಅದರೊಳಗೆ ಮೊಟ್ಟೆ ಇಡ್ತದೆ, ಸುತ್ತಲ ಎಲೆಯನ್ನು ಅದಕ್ಕೇ ಅಂಟಿಸ್ತದೆ. ಹೊರಗಿನ ನೊರೆ ಒಣಗಿ ಸಿಪ್ಪೆ ಆಗ್ತದೆ, ಒಳಗೆ ತೇವ ಹಾಗೇ ಇರ್ತದೆ. ವಾರದ ಲೆಕ್ಕದಲ್ಲಿ ಮರಿಗಳು ಗೊದಮೊಟ್ಟೆಯಾಗಿ ಕೆಳಗಿನ ನೀರಿಗೆ ಉದುರ್ತವೆ. ಕೆಳಗೆ ನೀರಿಲ್ಲದಿದ್ದರೆ ಅಷ್ಟೂ ಸತ್ತ ಹಾಗೆ. ಇದನ್ನು ಯಾರದೋ ಉಗುಳು, ಗಲೀಜು ಅಂತ ದೋಟಿಯಿಂದ ಕೆಡವುವವರು ಈಗಲೂ ಇದ್ದಾರೆ.

ಇನ್ನೊಂದು ಪಂಗಡ ಪೊದೆಗಪ್ಪೆಗಳದ್ದು. ಇವು ಸಣ್ಣ. ಹೆಚ್ಚಿನವು ಎರಡು ಇಂಚಿಗಿಂತ ಕಡಿಮೆ, ಕೆಲವು ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡ ಅಷ್ಟೇ. ಕತ್ತಲಾದ ಮೇಲೆ ಗಂಡು ಪೊದೆಯ ಎಲೆ ಮೇಲೆ ಕೂತು ಗಂಟಲು ಗುಳ್ಳೆ ಮಾಡಿ ಟಿಕ್ ಟಿಕ್ ಅಂತದೆ. ದೇಹ ಇಷ್ಟೇ ಇದ್ದರೂ ದನಿ ಅಂಗಳದ ತನಕ ಕೇಳ್ತದೆ. ಬ್ಯಾಟರಿ ಬಿಟ್ಟರೆ ಸುಮ್ಮನಾಗ್ತದೆ, ಆರಿಸಿ ಹತ್ತು ನಿಮಿಷ ನಿಂತರೆ ಮತ್ತೆ ಶುರು.

ಇವುಗಳ ವಿಶೇಷ ಏನಂದ್ರೆ, ಇವಕ್ಕೆ ಗೊದಮೊಟ್ಟೆ ಅಂತ ಒಂದು ಅವಸ್ಥೆಯೇ ಇಲ್ಲ. ನಮಗೆ ಶಾಲೆಯಲ್ಲಿ ಚಿತ್ರ ಬರೆಸಿ ಹೇಳಿಕೊಟ್ಟದ್ದು ಮೊಟ್ಟೆ, ಬಾಲದ ಮರಿ, ಕಾಲು ಬಂದ ಮರಿ, ಕಪ್ಪೆ ಅಂತ. ಪೊದೆಗಪ್ಪೆ ಆ ಪಾಠ ಓದಲಿಲ್ಲ! ಮಣ್ಣಿನ ಮೇಲೆ, ಒದ್ದೆ ದರಕಿನ ಅಡಿಗೆ, ಕೆಲವು ಜಾತಿಯವು ಎಲೆ ಮೇಲೆ ಮೊಟ್ಟೆ ಇಡ್ತವೆ. ಬೆಳವಣಿಗೆ ಎಲ್ಲ ಮೊಟ್ಟೆಯ ಒಳಗೇ ನಡೆದು, ವಾರಗಳು ಕಳೆದ ಮೇಲೆ ಉದ್ದಿನಕಾಳಿನಷ್ಟು ದೊಡ್ಡ ಪೂರ್ತಿ ಕಪ್ಪೆಯೇ ಹೊರಗೆ ಬರ್ತದೆ. ಹಾಗಾಗಿ ಇವಕ್ಕೆ ಕೆರೆ ಬೇಡ, ಹೊಂಡ ಬೇಡ. ಬೇಕಾದ್ದು ಒಂದೇ, ಮಳೆಗಾಲದಲ್ಲಿ ಒಂದು ದಿನವೂ ಒಣಗದ ನೆಲ. ಮೇಲೆ ನೆರಳು, ಕೆಳಗೆ ದರಕು. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಮಾತೆಲ್ಲ ಇದರ ಮೇಲೇ ನಿಂತಿದೆ.

ಅಪಾಯದಲ್ಲಿ ಇರೋದು ಈ ಎರಡನೇ ಪಂಗಡವೇ ಹೆಚ್ಚು. ಅಂಬೋಲಿ ಪೊದೆಗಪ್ಪೆ ಅಂತ ಒಂದಿದೆ. 2009ರಲ್ಲಿ ಮಹಾರಾಷ್ಟ್ರದ ಅಂಬೋಲಿ ಘಾಟಿಯಿಂದ ಅದಕ್ಕೆ ಹೆಸರಿಟ್ಟರು. ಅಲ್ಲಿ ಬಿಟ್ಟರೆ ಘಟ್ಟದ ಕೆಲವೇ ಜಾಗದಲ್ಲಿ, ನಮ್ಮ ಜಿಲ್ಲೆಯ ಕ್ಯಾಸಲ್‌ರಾಕ್ ಸೇರಿ, ಸಿಕ್ಕಿದೆ. ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅತಿ ಗಂಭೀರ ಅಪಾಯ ಅನ್ನುವ ಸಾಲಿಗೆ ಸೇರಿಸಿದ ಕಪ್ಪೆ ಅದು. ಅದೇ ಕ್ಯಾಸಲ್‌ರಾಕಿನಿಂದ 1919ರಲ್ಲೇ ಇನ್ನೊಂದು ಪೊದೆಗಪ್ಪೆಗೆ ಹೆಸರಿಟ್ಟಿದ್ದರು, ಬೊಂಬಾಯೆನ್ಸಿಸ್ ಅಂತ. ಆಗ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯದಲ್ಲಿತ್ತಲ್ಲ, ಹಾಗಾಗಿ ನಮ್ಮೂರ ಕಪ್ಪೆಗೆ ಮುಂಬಯಿ ಹೆಸರು ಅಂಟಿಕೊಂಡಿತು. ಪೊದೆಗಪ್ಪೆಗಳ ಒಂದು ದೊಡ್ಡ ಕುಲಕ್ಕೇ 2010ರಲ್ಲಿ ಕನ್ನಡ ನಾಡಿನವರ ಹೆಸರು ಬಂತು. ಬೆಂಗಳೂರು ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದ ಸಿ.ಆರ್. ನಾರಾಯಣ ರಾವ್ ಅವರ ನೆನಪಿಗೆ ಅದು ರಾವೋರ್ಕೆಸ್ಟಿಸ್. ನಮ್ಮ ಘಟ್ಟದ ಕಪ್ಪೆಗಳನ್ನು ಕೂತು ನೋಡಿ ಬರೆದವರು ಅವರು.

ಇನ್ನೂ ಹತ್ತಿರದ್ದು ಹೇಳ್ತೇನೆ. ಹೊನ್ನಾವರದಿಂದ ಗೇರುಸೊಪ್ಪೆ ದಾಟಿ ಘಾಟಿ ಹತ್ತಿ ಮಾವಿನಗುಂಡಿ ಕಡೆ ಹೋಗುವಾಗ ಕತ್ತಲೆಕಾನು ಸಿಗ್ತದೆ. ಬಸ್ಸಲ್ಲಿ ಎಷ್ಟು ಸಲ ಹೋಗಿದ್ದೇವೆ ನಾವೆಲ್ಲ. ಅಲ್ಲಿಯ ರಾಮಪತ್ರೆ ಜಡ್ಡಿಯ ಹಳ್ಳದಲ್ಲಿ ಇರುವ ಒಂದು ಕಪ್ಪೆಗೆ 2014ರಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಕುಂಬಾರ ಅಂತಲೇ ಹೆಸರಿಟ್ಟರು. ಇದು ಮರಗಪ್ಪೆ ಅಲ್ಲ, ಹಳ್ಳದ ಇರುಳುಗಪ್ಪೆ. ಹೆಣ್ಣು ಮುಂಗಾಲ ಮೇಲೆ ತಲೆಕೆಳಗಾಗಿ ನಿಂತು ನೀರಿನ ಮೇಲಿನ ಕಡ್ಡಿಗೆ ಮೊಟ್ಟೆ ಅಂಟಿಸ್ತದೆ. ಆಮೇಲೆ ಗಂಡು ಹಳ್ಳದ ತಳದಿಂದ ಕೈಯಲ್ಲಿ ಕೆಸರು ತೆಗೆದು, ಎರಡು ಕಾಲ ಮೇಲೆ ನಿಂತು, ಮೊಟ್ಟೆಗೆ ಮಣ್ಣು ಮೆತ್ತುತ್ತದೆ. ಗಡಿಗೆಗೆ ಮಣ್ಣು ಬಳಿದ ಹಾಗೆಯೇ. ಇದನ್ನು ನೋಡಲಿಕ್ಕೆ ಎಲ್ಲೆಲ್ಲಿಂದಲೋ ಜನ ಬರ್ತಾರೆ. ನಾವು ಅದೇ ನೀರಿನ ಕೆಳಗಿನ ಮಗ್ಗುಲಲ್ಲಿ ತೋಟ ಮಾಡುವವರು, ನಮಗೇ ಗೊತ್ತಿಲ್ಲ.

ನಮ್ಮ ಬೆಟ್ಟದಲ್ಲಿ ಕೂಗೋದು ಇದರಲ್ಲಿ ಯಾವುದು ಅಂತ ಹೆಸರು ಹಿಡಿದು ಹೇಳೋದು ತಿಳಿದವರ ಕೆಲಸ. ಪೊದೆಗಪ್ಪೆ ಅಂತ ಹೇಳಲಿಕ್ಕೆ ನಾನು ಸಾಕು.

ಈಗ ಜಾಗದ ಮಾತು.

ಕೆಂಪು ಪಟ್ಟಿ ಅನ್ನೋದು ಕಾನೂನಲ್ಲ. ಅದರಲ್ಲಿ ಒಂದು ಕಪ್ಪೆಯ ಹೆಸರು ಇದ್ದ ಮಾತ್ರಕ್ಕೆ ನಿಮ್ಮ ಪಹಣಿಯಲ್ಲಿ ಒಂದು ಅಕ್ಷರವೂ ಬದಲಾಗೂದಿಲ್ಲ. ಹೆದರಿಕೆ ಬಂದದ್ದು ಕಸ್ತೂರಿರಂಗನ್ ವರದಿಯಿಂದ, ನನಗೆ ಗೊತ್ತು. 2013ರ ವರದಿ ಅದು. 2024ರ ಜುಲೈ 31ಕ್ಕೆ ಕೇಂದ್ರ ಸರಕಾರ ಆರನೇ ಸಲ ಕರಡು ಹೊರಡಿಸಿತು, ಕರ್ನಾಟಕದ 20,668 ಚದರ ಕಿಲೋಮೀಟರ್ ಅದರಲ್ಲಿದೆ. ನಮ್ಮ ರಾಜ್ಯ ಸರಕಾರ ಬೇಡ ಅಂತ ಹೇಳಿತು. ಸಭೆ ಆಯ್ತು, ಘೋಷಣೆ ಆಯ್ತು. ಆದರೆ ಆ ಕರಡನ್ನು ಎಷ್ಟು ಜನ ಓದಿದ್ದೀರಿ? ಅದರಲ್ಲಿ ನಿಷೇಧ ಅಂತ ಬರೆದಿರೋದು ಗಣಿ, ಕಲ್ಲುಕೋರೆ, ಮರಳುಗಾರಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ ಕಾರ್ಖಾನೆ, 20,000 ಚದರ ಮೀಟರ್‌ಗಿಂತ ದೊಡ್ಡ ಕಟ್ಟಡಗಳಿಗೆ. ನಮ್ಮಲ್ಲಿ ಯಾರು ಇಪ್ಪತ್ತು ಸಾವಿರ ಚದರ ಮೀಟರ್ ಮನೆ ಕಟ್ಟಲಿಕ್ಕೆ ಹೊರಟಿದ್ದಾರೆ? ನನ್ನ ಕೊಟ್ಟಿಗೆಗೆ ಶೀಟು ಹಾಕಲಿಕ್ಕೇ ಮೂರು ವರ್ಷ ಹಿಡಿಯಿತು! ಕರಡಿನಲ್ಲಿ ತಕರಾರು ಮಾಡುವಂಥದ್ದು ಇಲ್ಲ ಅಂತ ನಾನು ಹೇಳೂದಿಲ್ಲ. ಊರಿನ ಪಟ್ಟಿಯನ್ನು ಊರವರ ಹತ್ತಿರ ಕೇಳದೆ ಮಾಡಿದ್ದು ತಪ್ಪೇ. ಆದರೆ ನಮ್ಮ ಹೆಸರು ಹೇಳಿ ಕೂಗಿದವರಲ್ಲಿ ಕೋರೆಯವರೂ ಇದ್ದರು ಅನ್ನೋದು ನಾವು ನೋಡಬೇಕಿತ್ತು.

ಜಾಗ ಹೋಗುವ ನಿಜವಾದ ದಾರಿ ಬೇರೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿದ ಎಷ್ಟೋ ಮನೆಗಳು ನಮ್ಮ ಮೂರೂ ತಾಲೂಕಿನಲ್ಲಿವೆ. ಬುಡಕಟ್ಟು ಅಲ್ಲದವರು 75 ವರ್ಷದ ದಾಖಲೆ ತೋರಿಸಬೇಕು. ಅಜ್ಜನ ಕಾಲದ ಕಾಗದ ಗೆದ್ದಲು ತಿಂದ ಮನೆಗೆ ಅದೆಲ್ಲಿಂದ ಬರಬೇಕು? ಅಲ್ಲಿ ಸಿಕ್ಕಿಬಿದ್ದವರನ್ನು ಕಪ್ಪೆ ಬಂದು ಓಡಿಸಿದ್ದಲ್ಲ. ಹೆದ್ದಾರಿ 66 ನಾಲ್ಕು ಪಥ ಆಗುವಾಗ ಭಟ್ಕಳ, ಹೊನ್ನಾವರ, ಕುಮಟಾದಲ್ಲಿ ಅಂಗಡಿ ಮನೆ ಹೋದವರನ್ನೂ ಕಪ್ಪೆ ಓಡಿಸಿದ್ದಲ್ಲ. ಗುಡ್ಡವನ್ನು ಬುಡದಲ್ಲಿ ನೆಟ್ಟಗೆ ಕಡಿದದ್ದು ಎಂತಾಗ್ತದೆ ಅಂತ 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ನೋಡಿದ್ದೇವೆ.

ಇನ್ನೂ ಒಂದು ನೋಡಿ. ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ, 2000 ಮೆಗಾವಾಟ್. ಮೇಲಿನ ತಳಕಳಲೆಯಿಂದ ಕೆಳಗಿನ ಗೇರುಸೊಪ್ಪೆ ಜಲಾಶಯಕ್ಕೆ ಗುಡ್ಡದ ಹೊಟ್ಟೆಯಲ್ಲಿ ಸುರಂಗ. ಜಾಗ ಯಾವುದು? ಸಿಂಗಳೀಕ ಅಭಯಾರಣ್ಯ. ಸಿಂಗಳೀಕ ಅಂದ್ರೆ ಇಡೀ ದೇಶಕ್ಕೆ ಗೊತ್ತಿರುವ ಪ್ರಾಣಿ, ಕಾನೂನಿನಲ್ಲಿ ಮೊದಲ ಪಟ್ಟಿಯದ್ದು. ಅಂಥ ಪ್ರಾಣಿಯ ಹೆಸರಲ್ಲಿ ಅಭಯಾರಣ್ಯ ಮಾಡಿಟ್ಟ ಕಾಡಿನೊಳಗೇ ಯೋಜನೆ ತರಲಿಕ್ಕೆ ಯಾರೂ ಅಳುಕಲಿಲ್ಲ. ಹಾಗಿದ್ದ ಮೇಲೆ ಒಂದೂವರೆ ಇಂಚಿನ ಕಪ್ಪೆ ನಿಮ್ಮ ಎರಡು ಎಕರೆ ಕಿತ್ತುಕೊಳ್ತದೆ ಅಂತ ನಂಬೋದು ಹೇಗೆ ಸ್ವಾಮಿ? ದೊಡ್ಡವರಿಗೆ ಬೇಕಾದಾಗ ಸಿಂಗಳೀಕವೂ ಅಡ್ಡ ಬರೂದಿಲ್ಲ. ನಮ್ಮನ್ನು ಸುಮ್ಮನಿರಿಸಲಿಕ್ಕೆ ಮಾತ್ರ ಕಪ್ಪೆ ತೋರಿಸ್ತಾರೆ.

ನನ್ನ ವಾದ ಇಲ್ಲಿಂದ ಮುಂದೆ ಉಲ್ಟಾ. ಕಪ್ಪೆ ಅಡಗಿಸಿಟ್ಟರೆ ನಮಗೇ ನಷ್ಟ. ಯೋಜನೆಯ ಅಹವಾಲು ಸಭೆಯಲ್ಲಿ ಎದ್ದು ನಿಂತು "ನಮ್ಮ ನೀರು ಹೋಗ್ತದೆ" ಅಂದ್ರೆ ಎದುರಿಗಿದ್ದವರು ಬರೆದುಕೊಂಡು ಪುಟ ತಿರುಗಿಸ್ತಾರೆ. ಈ ಹಳ್ಳದಲ್ಲಿ ಇಂಥ ಕಪ್ಪೆ ಇದೆ, ಇಷ್ಟು ವರ್ಷದಿಂದ ಇದೆ, ನೆಲ ವರ್ಷವಿಡೀ ತಂಪಿದ್ದರೆ ಮಾತ್ರ ಬದುಕುವ ಕಪ್ಪೆ ಅದು, ಪಂಚಾಯ್ತಿ ದಾಖಲೆಯಲ್ಲಿ ಬರೆಸಿದ್ದೇವೆ ಅಂದ್ರೆ ಅದಕ್ಕೆ ಉತ್ತರ ಬರೆಯಬೇಕಾಗ್ತದೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯ್ತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲೆ ಬರೆಯಬೇಕು. ನಿಮ್ಮ ಪಂಚಾಯ್ತಿಯ ದಾಖಲೆ ನೋಡಿದ್ದೀರಾ? ನಾನು ಕೇಳಿ ತೆಗೆಸಿ ನೋಡಿದೆ. ಹಲಸು, ಮಾವು, ದನ, ನಾಯಿ ಬರೆದಿದ್ದಾರೆ. ಕಪ್ಪೆ ಅಂತ ಒಂದೇ ಶಬ್ದ, ಒಂದೇ ಸಾಲು. ನಮ್ಮ ಹಳ್ಳದ ಇಷ್ಟೆಲ್ಲ ಕಪ್ಪೆಗಳು ಆ ಒಂದು ಸಾಲಿನಲ್ಲಿ ಮುಗಿದುಹೋದವು.

ಇನ್ನೂ ಒಂದು ವಿಷಯ. ಈ ಕಪ್ಪೆ ನಮ್ಮ ಸೊಪ್ಪಿನ ಬೆಟ್ಟದಲ್ಲಿ ಉಳಿದದ್ದು ಯಾಕೆ? ನಮ್ಮ ಹಿರಿಯರು ಬೆಟ್ಟವನ್ನು ಬೋಳು ಮಾಡಲಿಲ್ಲ. ಸೊಪ್ಪು ಕಡಿದರೂ ಮರ ಬಿಟ್ಟರು, ದೇವರಕಾಡಿಗೆ ಕತ್ತಿ ಹಚ್ಚಲಿಲ್ಲ. ಬೆಟ್ಟದ ಪಕ್ಕದಲ್ಲಿ ಇಲಾಖೆಯವರು ನೆಟ್ಟ ಅಕೇಶಿಯಾ ತೋಪಿದೆಯಲ್ಲ, ರಾತ್ರಿ ಅಲ್ಲಿ ಹೋಗಿ ನಿಂತು ಕೇಳಿ. ನಮ್ಮಲ್ಲಿ ಅಂತೂ ಆಚೆ ಕೂಗು, ಈಚೆ ಮೌನ. ಹಾಗಾದರೆ ಕಾಡು ಕಾಯ್ದವರು ಯಾರು ಅಂತ ಆಯ್ತು? ಕಪ್ಪೆ ನಮ್ಮ ಮೇಲಿನ ದೂರಲ್ಲ, ನಮ್ಮ ಪರ ಸಾಕ್ಷಿ. ಸಾಕ್ಷಿಯನ್ನು ಬಚ್ಚಿಡುವ ಕಕ್ಷಿದಾರ ಎಲ್ಲಾದರೂ ಇದ್ದಾನಾ?

ಆದರೆ ಆ ಸಾಕ್ಷಿ ಬಹಳ ದಿನ ಉಳಿಯೂದಿಲ್ಲ, ನಾವೇ ಈಗ ಮಾಡ್ತಾ ಇರೋದು ನೋಡಿದರೆ. ಬೇರೆಯವರಿಗೆ ಬೈದದ್ದಾಯ್ತು, ಇನ್ನು ನಮ್ಮ ಕಡೆ ತಿರುಗುವಾ.

ಒಂದು, ಕಳೆನಾಶಕ. ಕೂಲಿಗೆ ಜನ ಸಿಗೂದಿಲ್ಲ ಅನ್ನೋದು ಸತ್ಯ. ಆದರೆ ತೋಟದ ನೆಲವನ್ನು ಅಂಗಳದ ಹಾಗೆ ಚೊಕ್ಕ ಇಡಬೇಕು ಅಂತ ಹೇಳಿಕೊಟ್ಟದ್ದು ಯಾರು? ಔಷಧಿ ಅಂಗಡಿ. ಗ್ಲೈಫೋಸೇಟನ್ನು ಕೀಟ ನಿಯಂತ್ರಣದ ಪರವಾನಗಿ ಇದ್ದವರ ಮೂಲಕ ಮಾತ್ರ ಹೊಡೆಸಬೇಕು ಅಂತ ಕೇಂದ್ರ ಸರಕಾರ 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿತು. ನಮ್ಮಲ್ಲಿ ಅದು ಬೀಡಿ ಬೆಂಕಿಪೆಟ್ಟಿಗೆ ಜೊತೆಗೇ ಸಿಕ್ಕಿದ ಹಾಗೆ ಸಿಗ್ತದೆ. ಕಪ್ಪೆಯ ಚರ್ಮ ನಮ್ಮ ಚರ್ಮದ ಹಾಗಲ್ಲ. ಅದು ಚರ್ಮದಿಂದಲೇ ನೀರು ಕುಡೀತದೆ, ಚರ್ಮದಿಂದಲೂ ಉಸಿರಾಡ್ತದೆ. ಅದರ ಮೈ ಮೇಲೆ ಬಿದ್ದದ್ದು ಅದರ ಹೊಟ್ಟೆಗೆ ಬಿದ್ದ ಹಾಗೆ.

ಎರಡು, ಮೈಲುತುತ್ತ. ಕೊಳೆರೋಗಕ್ಕೆ ಬೋರ್ಡೋ ಬಿಡಿ ಅಂತ ನಾನು ಹೇಳೂದಿಲ್ಲ, ಹೇಳಿದರೆ ನನ್ನ ಮನೆಯವರೇ ನಗ್ತಾರೆ. ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ನಾನೂ ಮಾಡ್ತೇನೆ. ಕೇಳೋದು ಇಷ್ಟೇ, ಉಳಿದದ್ದನ್ನು ಹಳ್ಳಕ್ಕೆ ಚೆಲ್ಲಬೇಡಿ, ಡ್ರಮ್ಮು ಹಳ್ಳದಲ್ಲಿ ತೊಳೀಬೇಡಿ. ತಾಮ್ರ ಗೊದಮೊಟ್ಟೆಗೆ ವಿಷ, ಮೀನು ಮರಿಗೂ ವಿಷ. ಔಷಧಿ ಹೊಡೆಯುವ ಹೊತ್ತೂ ಮೊಟ್ಟೆ ಇಡುವ ಹೊತ್ತೂ ಒಂದೇ, ಮಳೆಗಾಲ. ಹಳ್ಳದಿಂದ ದೂರ ಒಂದು ಗುಂಡಿ ತೋಡಿ ಅಲ್ಲಿ ತೊಳೆಯಲಿಕ್ಕೆ ಅರ್ಧ ದಿನದ ಕೆಲಸ.

ಮೂರು, ದರಕು. ಜನವರಿಯಿಂದ ಮಾರ್ಚ್ ತನಕ ಬೆಟ್ಟ ಗುಡಿಸ್ತೇವೆ. ಮೊದಲು ಕೊಟ್ಟಿಗೆಗೆ ಬೇಕಾದಷ್ಟು ತರ್ತಿದ್ದೆವು. ಈಗ ಪಿಕಪ್ಪಿನಲ್ಲಿ ತುಂಬಿ ಮಾರುವವರೂ ಹುಟ್ಟಿದ್ದಾರೆ. ಮಾರಲಿಕ್ಕೆ ಗುಡಿಸಿದಾಗ ಮಣ್ಣು ಕಾಣುವ ತನಕ ಗುಡಿಸ್ತಾರೆ. ಬೇಸಿಗೆಯಲ್ಲಿ ಕಪ್ಪೆ ಅಡಗಿ ಕೂರೋದು ಅದರ ಅಡಿಗೇ, ಮಳೆಗಾಲದಲ್ಲಿ ಮೊಟ್ಟೆ ಇಡೋದೂ ಅದರ ಅಡಿಗೇ. ಬೋಳು ನೆಲಕ್ಕೆ ಮೊದಲ ಮಳೆ ಬಿದ್ದರೆ ಮೇಲ್ಮಣ್ಣು ಕೆಂಪು ನೀರಾಗಿ ಶರಾವತಿಗೋ ಅಘನಾಶಿನಿಗೋ ಹೋಗಿ ಸಮುದ್ರ ಸೇರ್ತದೆ.

ಈಗ ಮೇಲೆ ನೆನಪಿಟ್ಟುಕೊಳ್ಳಿ ಅಂದದ್ದಕ್ಕೆ ಬರ್ತೇನೆ. ಪೊದೆಗಪ್ಪೆಗೆ ಬೇಕಾದ್ದು ನೆರಳು, ದರಕು, ಒಣಗದ ನೆಲ. ಅಡಿಕೆ ತೋಟಕ್ಕೆ ಬೇಕಾದ್ದು ಎಂತದು? ಬಾವಿಯ ಒರತೆಗೆ ಬೇಕಾದ್ದು ಎಂತದು? ಇದೇ ಮೂರು. ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ ಹೊಯ್ಯುವ ಊರಿನಲ್ಲಿ ಏಪ್ರಿಲ್ ಬಂದರೆ ಟ್ಯಾಂಕರ್ ಕಾಯ್ತೇವಲ್ಲ, ಮಳೆ ಕಡಿಮೆಯಾಗಿ ಅಲ್ಲ, ನೀರು ನಿಲ್ಲುವ ನೆಲ ಹೋಗಿ. ನೆಲ ಒಣಗಿದ್ದು ನಮಗೆ ಬಾವಿ ಬತ್ತಿದ ಮೇಲೆ ಗೊತ್ತಾಗ್ತದೆ. ಕಪ್ಪೆಗೆ ಅದಕ್ಕಿಂತ ಎಷ್ಟೋ ಮೊದಲೇ ಗೊತ್ತಾಗ್ತದೆ, ಯಾಕಂದ್ರೆ ಅದರ ಮೊಟ್ಟೆ ಒಂದು ಸಲ ಒಣಗಿದರೆ ಮುಗೀತು. ಕೂಗು ನಿಂತ ಬೆಟ್ಟದ ಕೆಳಗಿನ ಬಾವಿಯ ಮೇಲೆ ಕಣ್ಣಿಡಿ.

"ಕಪ್ಪೆಯಿಂದ ಲಾಭ ಎಂತ?" ಅಂತ ಕೇಳ್ತಾರೆ. ಗದ್ದೆಯ ಗೋಂಕರು ಕಪ್ಪೆಯ ಲಾಭ ಲೆಕ್ಕ ಹಾಕಿ ಹೇಳಬಹುದು, ಹುಳ ತಿಂತದೆ, ಗದ್ದೆ ಅಂಚು ತೂತು ಮಾಡುವ ಏಡಿಯನ್ನೂ ತಿಂತದೆ. ಕಪ್ಪೆ ಕಾಲು ಪರದೇಶಕ್ಕೆ ಕಳಿಸಿ ಕಳಿಸಿ ಗದ್ದೆ ಖಾಲಿಯಾದ ಮೇಲೆ 1987ರಲ್ಲಿ ಸರಕಾರ ರಫ್ತು ನಿಲ್ಲಿಸಿತು. ಈಗಲೂ ಮೊದಲ ಮಳೆಗೆ ಗೋಣಿಯಲ್ಲಿ ತುಂಬಿ ಗೋವಾಕ್ಕೆ ಸಾಗಿಸುವವರಿದ್ದಾರೆ, ನಮ್ಮ ಗದ್ದೆಗೆ ಇಳಿದರೆ ಹಿಡಿದು ನಿಲ್ಲಿಸಿ. ಪೊದೆಗಪ್ಪೆಯ ಲಾಭ ಹಾಗೆ ಕ್ವಿಂಟಲ್ ಲೆಕ್ಕದಲ್ಲಿ ಹೇಳಲಿಕ್ಕೆ ಬರೂದಿಲ್ಲ, ಹೇಳೂದೂ ಇಲ್ಲ. ಅದು ಸೊಳ್ಳೆ ತಿಂದು ನಮ್ಮನ್ನು ಉದ್ಧಾರ ಮಾಡ್ತದೆ ಅಂತ ಸುಳ್ಳು ಹೇಳಿ ಅದನ್ನು ಉಳಿಸೋದು ಬೇಡ. ಲೋಕದಲ್ಲಿ ಗೊತ್ತಿರುವ ಕಪ್ಪೆ ಜಾತಿಯ ಪ್ರಾಣಿಗಳಲ್ಲಿ ನೂರಕ್ಕೆ 41 ಅಳಿವಿನ ದಾರಿಯಲ್ಲಿವೆ ಅಂತ 2023ರ ಲೆಕ್ಕ. ಹಕ್ಕಿಗಳಿಗಿಂತ, ಸಸ್ತನಿಗಳಿಗಿಂತ ಹೆಚ್ಚು. ಅದರಲ್ಲಿ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲದ ಕಪ್ಪೆಗಳು ಎಷ್ಟೋ. ನಮ್ಮ ಬೆಟ್ಟದಲ್ಲಿ ಹೋದರೆ ಇನ್ನೆಲ್ಲಿಂದಲೂ ತಂದು ಬಿಡಲಿಕ್ಕೆ ಆಗೂದಿಲ್ಲ. ಅಡಿಕೆ ಸಸಿಯಾದರೆ ನರ್ಸರಿಯಿಂದ ತರಬಹುದು.

ಹಾಗಾಗಿ ಮಾಡಬೇಕಾದ್ದು ಇಷ್ಟು, ದುಡ್ಡು ಖರ್ಚಿಲ್ಲದ್ದು:

ಹಳ್ಳದ ಎರಡೂ ದಡದಲ್ಲಿ ಹತ್ತು ಹತ್ತು ಮಾರು ಕಳೆನಾಶಕ ಹೊಡೀಬೇಡಿ, ಕತ್ತಿಯಲ್ಲೇ ಸವರಿ.

ಕೆರೆ, ಬಾವಿ, ಕೃಷಿ ಹೊಂಡದ ಮೇಲೆ ಬಾಗಿದ ಒಂದೆರಡು ಕೊಂಬೆ ಬಿಡಿ. ನೊರೆಗೂಡು ಕಂಡರೆ ಮುಟ್ಟಬೇಡಿ. ಪ್ಲಾಸ್ಟಿಕ್ ಹಾಸಿದ ಹೊಂಡ ಆದರೆ ಬಿದ್ದ ಜೀವ ಹತ್ತಿ ಬರಲಿಕ್ಕೆ ಒಂದು ಹಳೆ ಅಡಿಕೆ ದಬ್ಬೆ ಇಳಿಬಿಡಿ.

ಬೆಟ್ಟ ಗುಡಿಸುವಾಗ ಸರದಿ ಹಾಕಿ. ಮೂರರಲ್ಲಿ ಒಂದು ಪಾಲು ಈ ವರ್ಷ ಮುಟ್ಟಬೇಡಿ, ಮುಂದಿನ ವರ್ಷ ಇನ್ನೊಂದು ಪಾಲು. ಹಳ್ಳದ ಮಗ್ಗುಲನ್ನು ಯಾವತ್ತೂ ಗುಡಿಸಬೇಡಿ.

ಜೂನ್, ಜುಲೈಯಲ್ಲಿ ಒಂದು ರಾತ್ರಿ ಊಟ ಆದ ಮೇಲೆ ಬೆಟ್ಟದ ಅಂಚಿಗೆ ಹೋಗಿ ನಿಂತು ಮೊಬೈಲಿನಲ್ಲಿ ದನಿ ಹಿಡೀರಿ. ತಾರೀಕು, ಜಾಗ ಬರೆದಿಡಿ. ಹಿಡಿಯಲಿಕ್ಕೆ, ಡಬ್ಬಿಯಲ್ಲಿ ಹಾಕಲಿಕ್ಕೆ ಹೋಗಬೇಡಿ. ಹಾವಿನ ಕಾಲ, ಬೂಟು ಹಾಕಿಕೊಳ್ಳಿ.

ಮುಂದಿನ ಗ್ರಾಮಸಭೆಯಲ್ಲಿ ಜೀವವೈವಿಧ್ಯ ದಾಖಲೆ ತೋರಿಸಿ ಅಂತ ಕೇಳಿ. ಒಬ್ಬನೇ ಕೇಳಿದರೆ ನಗ್ತಾರೆ, ಹತ್ತು ಜನ ಕೇಳಿದರೆ ಕಪಾಟು ತೆರೀತಾರೆ.

ಭಟ್ಕಳದ ಹಾಡುವಳ್ಳಿ ಕಡೆಯವರು, ಕುಮಟಾದ ದೇವಿಮನೆ ಘಾಟಿ ಬುಡದವರು, ಗೇರುಸೊಪ್ಪೆ ಸುತ್ತಿನವರು ನಿಮ್ಮಲ್ಲಿ ಈಗ ಎಂಥೆಂತ ಕೂಗ್ತಾ ಇದೆ ಬರೀರಿ. ಟಿಕ್ ಟಿಕ್ಕೋ, ಟ್ರ್ರ್ ಟ್ರ್ರ್ ಅಂತದೋ, ನಾಲ್ಕು ವರ್ಷದ ಹಿಂದೆ ಇದ್ದದ್ದು ಈಗ ಇಲ್ಲವೋ, ಅದೂ ಬರೀರಿ. ನನಗೆ ಬೈಬೇಕು ಅಂತಿದ್ದವರು ಬೈದು, ಕೊನೆಗೆ ಅದನ್ನೂ ಒಂದು ಸಾಲು ಸೇರಿಸಿ. ಮಳೆ ಬಿಟ್ಟ ಮೇಲೆ ಎಲ್ಲ ಸೇರಿಸಿ ಒಂದು ಪಟ್ಟಿ ಮಾಡುವಾ.